ಅಪ್ಪಚ್ಚಿಯ ಸುರಂಗ

"ನೀವು ಕೇರಳದವರಲ್ವಾ, ಮತ್ತೆ ಮನೇಲಿ ಕನ್ನಡ ಹೇಗೆ?" ಬೆಂಗಳೂರಿಗೆ ಬಂದ ಮೇಲೆ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು, ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಈ ಕಡೆ ಬರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಬರಲಿಲ್ಲ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರ ಕಾಫಿ ಮುಗಿದಿರುತ್ತದೆ. ಈ ಸಲ ಅಪ್ಪಚ್ಚಿಯ ವಿಷಯ ಹೇಳುತ್ತೇನೆ. ಅವರ ಬೊಜ್ಜ ಮುಗಿಸಿ ಮೊನ್ನೆಯಷ್ಟೇ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದೇನೆ, ತಲೆಯಲ್ಲಿ ಬೇರೇನೂ ಇಲ್ಲ.

ಅಪ್ಪಚ್ಚಿ ಅಂದರೆ ಹವ್ಯಕರಲ್ಲಿ ಚಿಕ್ಕಪ್ಪ. ಬೊಜ್ಜ ಅಂದರೆ ಸತ್ತವರ ಉತ್ತರಕ್ರಿಯೆ.

ನಮ್ಮ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುತ್ತಾರೆ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ತೋಟಕ್ಕೆ ಬರುತ್ತದೆ. ಕೊರೆಯುವುದು ಮಾತ್ರ ತಮಾಷೆಯಲ್ಲ. ಒಬ್ಬನೇ ನುಸುಳುವಷ್ಟು ಜಾಗ, ಕೈಯಲ್ಲಿ ಪಿಕ್ಕಾಸು, ಪಕ್ಕದಲ್ಲಿ ಉರಿಯುವ ಮೇಣದಬತ್ತಿ. ಬತ್ತಿ ಸಣ್ಣಗಾಯಿತೆಂದರೆ ಗಾಳಿ ಸಾಲದು, ಹೊರಗೆ ಓಡಬೇಕು. ಅಪ್ಪಚ್ಚಿ ಆಳುಗಳ ಜೊತೆ ತಾವೂ ಒಳಗೆ ಹೋದವರು. 40 ಕೋಲು (ಸುರಂಗದ ಉದ್ದ ಅಳೆಯುವ ಲೆಕ್ಕ) ಕೊರೆದರೂ ಬರೀ ಮಣ್ಣು. ಅಜ್ಜ ಬೈದರು, ಚಿಕ್ಕಮ್ಮ ಮಾತು ಬಿಟ್ಟರು. ಒಂದು ಸಂಜೆ ಮೈಯೆಲ್ಲ ಕೆಸರು ಮೆತ್ತಿಕೊಂಡು ಹೊರಗೆ ಬಂದು, ಮುಷ್ಟಿ ಬಿಚ್ಚಿ, ಒದ್ದೆ ಮಣ್ಣಿನ ಒಂದು ಉಂಡೆಯನ್ನು ಚಿಕ್ಕಮ್ಮನ ಕೈಗಿಟ್ಟರು. ಹಿಂಡಿದರೆ ನೀರು ಇಳಿಯಿತು.

ಆ ನೀರಿನ ಮೊದಲ ದಂಬೆ (ಅಡಕೆ ಮರ ಸೀಳಿ ಮಾಡುವ ಕಾಲುವೆ) ಕೆಳಗಿನ ಮನೆಗೆ ಹೋಯಿತು. ಅವರ ಬಾವಿ ಮಾರ್ಚಿಗೇ ಬತ್ತುತ್ತಿತ್ತು. ನಮ್ಮ ತೋಟಕ್ಕೆ ಎರಡನೆಯದು. ಚಿಕ್ಕಮ್ಮ ಮತ್ತೆ ಮಾತು ಬಿಟ್ಟರು.

ಸಪ್ತಭಾಷಾ ಸಂಗಮ ಭೂಮಿ ಎಂದೆಲ್ಲ ಭಾಷಣದಲ್ಲಿ ಹೇಳುತ್ತಾರಲ್ಲ, ಅದು ಅಪ್ಪಚ್ಚಿಯ ಒಂದು ಬೆಳಗಿನ ಕೆಲಸ. ಮನೆಯಲ್ಲಿ ಹವ್ಯಕ, ತೋಟದಲ್ಲಿ ತುಳು, ಜಿನಸಿನ ಅಂಗಡಿಯಲ್ಲಿ ಕೊಂಕಣಿ, ಬಸ್ಸಿನಲ್ಲಿ ಮಲಯಾಳ, ಕಾಗದ ಬರೆದರೆ ಕನ್ನಡ. ಕಲಿತದ್ದು ಕನ್ನಡ ಮೀಡಿಯಂ, ಕಚೇರಿಯ ಫಾರಂ ಮಲಯಾಳದ್ದು. ಒಂದು ಸಲ ಗೊತ್ತಿಲ್ಲದೆ ತಪ್ಪು ಜಾಗದಲ್ಲಿ ಸಹಿ ಹಾಕಿ ಮೂರು ತಿಂಗಳು ಅಲೆದರಂತೆ. ಆಮೇಲೆ ನಲವತ್ತು ದಾಟಿದ ವಯಸ್ಸಿನಲ್ಲಿ ನನ್ನ ತಂಗಿಯ ಒಂದನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು ಮಲಯಾಳ ಲಿಪಿ ತಿದ್ದಿದರು. ಅಲ್ಲಿಂದ ಭಾನುವಾರವೆಂದರೆ ನಮ್ಮ ಜಗಲಿ ತುಂಬ ಫಾರಂ ಹಿಡಿದ ಜನ. ಸಿಟ್ಟು ಅವರಿಗೂ ಇತ್ತು ಮಾರಾಯ್ರೆ, ಭಾಷೆಯ ಮೇಲಲ್ಲ.

ಬೆಂಗಳೂರಿಗೆ ಒಮ್ಮೆ ಹಳೇ ಜಾವಾ ಬೈಕಿನಲ್ಲೇ ಬಂದಿದ್ದರು, ಸುಳ್ಯ, ಮಡಿಕೇರಿ, ಮೈಸೂರು ದಾರಿಯಾಗಿ. ಮೈಸೂರಿನಲ್ಲಿ ತಯಾರಾದ ಗಾಡಿಗೆ ತವರು ತೋರಿಸಿದೆ ಎಂದು ನಗುತ್ತಿದ್ದರು. ಹಿಂದೆ ಕಟ್ಟಿದ್ದ ಹಲಸಿನ ಹಪ್ಪಳ ಅರ್ಧ ಪುಡಿ.

ಕೊನೆಯ ಸಲ ಬಂದದ್ದು 2024ರ ಬೇಸಗೆಯಲ್ಲಿ. ಬೋರ್‌ವೆಲ್ ಒಣಗಿ ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಬರುತ್ತಿದ್ದ ದಿನಗಳು. ನೀರಿಗೆ ಇಷ್ಟು ದುಡ್ಡಾ ಎಂದು ಬಾಯಿಬಿಟ್ಟು ನೋಡಿದರು. ನಮ್ಮಲ್ಲಿ ಮನೆಗೆ ಯಾರು ಬಂದರೂ ಮೊದಲ ಮಾತು "ಆಸರಿಂಗೆ ಬೇಕಾ?" ಅಂದರೆ, ಬಾಯಾರಿಕೆಗೆ ಏನಾದರೂ ಕುಡಿಯುತ್ತೀರಾ ಎಂದು. ಅಪ್ಪಚ್ಚಿ ಟ್ಯಾಂಕರಿನ ಹುಡುಗನಿಗೂ ಅದನ್ನೇ ಕೇಳಿದರು. ನೀರು ತಂದವನಿಗೇ ನೀರು! ಅವನಿಗೆ ಅರ್ಥವಾಗಲಿಲ್ಲ. ಒಂದು ಲೋಟ ನೀರು, ಒಂದು ತುಂಡು ಬೆಲ್ಲ ಕೈಗಿಟ್ಟ ಮೇಲೆ ಅರ್ಥವಾಯಿತು. ಇದ್ದ ಎಂಟು ದಿನವೂ ಅದೇ ನಡೆಯಿತು.

ನಿನ್ನೆ ಅದೇ ಹುಡುಗ ಪೈಪು ಎಳೆಯುತ್ತ, "ಸಾರ್, ಬೆಲ್ಲದ ತಾತ ಈ ಸಲ ಬರಲ್ವಾ?" ಎಂದ. ನಾನು ಒಳಗೆ ಹೋಗಿ ಬೆಲ್ಲದ ಡಬ್ಬಿ ಹುಡುಕಿದೆ.