ಹಳೇ ಡಬ್ಬಿ ಎಸೆಯಬೇಡಿ

ಪ್ರಶ್ನೆ: ಸಮುದ್ರದಲ್ಲಿ ಪ್ಲಾಸ್ಟಿಕ್ ತುಂಬುತ್ತಿರುವುದನ್ನು ಓದಿದ ಮೇಲೆ ಮನಸ್ಸು ತಡೆಯುತ್ತಿಲ್ಲ. ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಒಂದೇ ಸಲ ಹೊರಗೆ ಹಾಕಿ ಸ್ಟೀಲ್, ಗಾಜಿನವು ತರೋಣ ಅಂತಿದ್ದೇನೆ. ಯಜಮಾನರು ‘ಸುಮ್ನೆ ದಂಡ’ ಅನ್ನುತ್ತಾರೆ. ಯಾರು ಸರಿ?

ಉತ್ತರ: ಈ ಸಲ ಯಜಮಾನರೇ ಸರಿ. ಈ ಪುಟ ಅವರಿಗೆ ತೋರಿಸುವುದು, ಬಿಡುವುದು ನಿಮ್ಮಿಷ್ಟ.

ನೀವು ಮಾಡಹೊರಟಿದ್ದನ್ನು ನಾನು ಆಗಲೇ ಮಾಡಿ ಮುಗಿಸಿದ್ದೇನೆ. ಒಂದು ಭಾನುವಾರ ಹದಿನೇಳು ಡಬ್ಬಿಗಳನ್ನು ಕಸಕ್ಕೆ ಹಾಕಿದೆ. ಒಂದೂ ಬಿರುಕು ಬಿಟ್ಟಿರಲಿಲ್ಲ, ಮುಚ್ಚಳ ಗಟ್ಟಿಯಾಗಿಯೇ ಕೂರುತ್ತಿತ್ತು. ಖಾಲಿ ಕಪಾಟು ನೋಡಿ ಏನೋ ಸಾಧಿಸಿದ ಖುಷಿ. ಹೊಸ ಸ್ಟೀಲ್ ಡಬ್ಬಿಗಳು ಬಂದವು. ಒಂದೊಂದಕ್ಕೂ ಪ್ರತ್ಯೇಕ ಪ್ಲಾಸ್ಟಿಕ್ ಹೊದಿಕೆ! ಅದನ್ನು ಬಿಚ್ಚುತ್ತ ಕೂತಾಗ ಬುದ್ಧಿ ಬಂತು. ಇನ್ನೂ ಹತ್ತು ವರ್ಷ ಕಪಾಟಿನಲ್ಲಿ ತೆಪ್ಪಗೆ ಇರಬಹುದಾಗಿದ್ದ ಪ್ಲಾಸ್ಟಿಕ್ಕನ್ನು ನಾನೇ ಕೈಯಾರೆ ಕಸ ಮಾಡಿದ್ದೆ.

ಕಪಾಟಿನಲ್ಲಿರುವ ಡಬ್ಬಿಯಿಂದ ಸಮುದ್ರಕ್ಕೆ ತೊಂದರೆಯಿಲ್ಲ. ತೊಂದರೆ ಇರುವುದು ಐದು ನಿಮಿಷ ಬಳಸಿ ಬಿಸಾಡುವ ಹಗುರ ಸಾಮಾನಿನಿಂದ. ತೆಳು ಚೀಲ, ಪೊಟ್ಟಣದ ಹರಿದ ಮೂಲೆ, ಬಾಟಲಿ ಮುಚ್ಚಳ, ಸ್ಟ್ರಾ. ಗಾಳಿಗೆ ಹಾರುತ್ತವೆ, ಮಳೆ ಬಂದರೆ ಚರಂಡಿಗೆ, ಅಲ್ಲಿಂದ ಹೊಳೆಗೆ, ಆಮೇಲೆ ಸಮುದ್ರಕ್ಕೆ. ಹಾಗೆ 2010ರ ಒಂದೇ ವರ್ಷದಲ್ಲಿ 48 ಲಕ್ಷದಿಂದ 1 ಕೋಟಿ 27 ಲಕ್ಷ ಟನ್ ಪ್ಲಾಸ್ಟಿಕ್ ನೆಲದಿಂದ ಸಮುದ್ರ ಸೇರಿತು ಎಂದು ‘ಸೈನ್ಸ್’ ಪತ್ರಿಕೆ 2015ರಲ್ಲಿ ಅಂದಾಜು ಪ್ರಕಟಿಸಿತ್ತು.

ಕಡಲಾಮೆ ಅದನ್ನು ತಿನ್ನುವುದು ಕಣ್ಣು ಕಾಣದೆ ಅಂತ ನಾನು ಅಂದುಕೊಂಡಿದ್ದೆ. ಮೂಗೂ ಮೋಸ ಮಾಡುತ್ತದಂತೆ. ನೀರಿನಲ್ಲಿ ನೆಂದ ಪ್ಲಾಸ್ಟಿಕ್ಕಿನ ಮೇಲೆ ಪಾಚಿ, ಸೂಕ್ಷ್ಮಜೀವಿ ಕಟ್ಟಿಕೊಂಡು ವಾಸನೆಯೇ ಬದಲಾಗುತ್ತದೆ. 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹೊಸ ಪ್ಲಾಸ್ಟಿಕ್ಕಿನ ವಾಸನೆಗೆ ಆಮೆಗಳು ಕ್ಯಾರೇ ಅನ್ನಲಿಲ್ಲ. ಸಮುದ್ರದಲ್ಲಿ ನೆಂದಿದ್ದರ ವಾಸನೆ ಬಿಟ್ಟಾಗ, ಊಟದ ವಾಸನೆ ಬಂದಾಗ ಮಾಡುವ ಹಾಗೆಯೇ, ನೀರಿನಿಂದ ಮೂಗು ಮೇಲೆತ್ತಿ ಹಿಡಿದವು. ಪಾಪ, ಅಲ್ವಾ?

ಹಾಗಾಗಿ ಡಬ್ಬಿಗಳನ್ನು ಮುಟ್ಟಬೇಡಿ. ಬದಲಿಗೆ ಒಂದು ವಾರ ನೀವು ಬಿಸಾಡುವ ಪ್ಲಾಸ್ಟಿಕ್ಕನ್ನೆಲ್ಲ ಒಂದು ಕಡೆ ಕೂಡಿಡಿ. ಆಮೇಲೆ ನೆಲದ ಮೇಲೆ ಸುರಿದು ಎಣಿಸಿ. ನನ್ನ ರಾಶಿಯಲ್ಲಿ ಜಾಸ್ತಿ ಇದ್ದದ್ದು ಶ್ಯಾಂಪೂ ಸ್ಯಾಶೆ, ನೀರಿನ ಬಾಟಲಿ. ಸ್ಯಾಶೆಯಲ್ಲಿ ಬೇರೆ ಬೇರೆ ಪದರಗಳು ಅಂಟಿಕೊಂಡಿರುತ್ತವೆ, ಬಿಡಿಸುವುದು ಕಷ್ಟ, ಅದಕ್ಕೇ ಮರುಬಳಕೆ ಮಾಡುವವರಿಗೂ ಅದು ಬೇಡ. ಮರುಬಳಕೆಯ ಮೇಲೆ ತುಂಬಾ ಭಾರ ಹಾಕಲೂಬೇಡಿ: 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆ ಆಗಿದ್ದು ಶೇ 9ರಷ್ಟು ಮಾತ್ರ. ನಾನು ದೊಡ್ಡ ಶ್ಯಾಂಪೂ ಬಾಟಲಿಗೆ ಬದಲಾದೆ. ನೀರಿಗೆ ಒಂದು ಸ್ಟೀಲ್ ಬಾಟಲಿ. ಮೊದಲ ತಿಂಗಳು ಅದನ್ನು ಮನೆಯಲ್ಲೇ ಮರೆತು ಹೋಗುತ್ತಿದ್ದೆ. ಈಗ ಚಪ್ಪಲಿ ಪಕ್ಕದಲ್ಲೇ ಇಡುತ್ತೇನೆ.

ಪ್ರಶ್ನೆ: ಬಟ್ಟೆ ಒಗೆದರೂ ಸಮುದ್ರಕ್ಕೆ ಪ್ಲಾಸ್ಟಿಕ್ ಹೋಗುತ್ತದೆ ಅನ್ನುತ್ತಾಳೆ ಮಗಳು. ನಿಜವಾ?

ಉತ್ತರ: ನಿಜ. ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್ ಎಲ್ಲವೂ ಪ್ಲಾಸ್ಟಿಕ್ಕೇ. ಒಗೆಯುವಾಗ ಕಣ್ಣಿಗೆ ಕಾಣದ ಎಳೆಗಳು ಉದುರುತ್ತವೆ. 6 ಕೆಜಿ ಅಕ್ರಿಲಿಕ್ ಬಟ್ಟೆ ಒಗೆದರೆ 7 ಲಕ್ಷಕ್ಕೂ ಹೆಚ್ಚು ಎಳೆಗಳು ಹೊರಬೀಳಬಹುದು ಅಂತ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಲೆಕ್ಕ ಹಾಕಿದರು. ಮೆಷಿನ್ ತುಂಬಿದ ಮೇಲೇ ಹಾಕಿ, ತಣ್ಣೀರು ಸಾಕು, ಕಡಿಮೆ ಹೊತ್ತಿನ ಸೈಕಲ್ ಸಾಕು. ಒಂದೇ ಸಲ ಉಟ್ಟಿದ್ದಕ್ಕೆಲ್ಲ ಒಗೆತ ಬೇಕಾಗಿಯೂ ಇಲ್ಲ. ಇನ್ನೊಂದು ಮಾತು. ಡ್ರೈಯರ್ ಜಾಲರಿಯಲ್ಲಿ ಮೆತ್ತಗೆ ಬೂದು ಬಣ್ಣದ ನೂಲು ಸಿಗುತ್ತದಲ್ಲ, ಅದನ್ನು ನಾನು ವರ್ಷಗಟ್ಟಲೆ ನಲ್ಲಿ ಕೆಳಗೆ ಹಿಡಿದು ತೊಳೆಯುತ್ತಿದ್ದೆ, ಚೊಕ್ಕ ಅಂತ! ಅಷ್ಟೂ ಸೀದಾ ಚರಂಡಿಗೆ. ಕೈಯಲ್ಲಿ ಉಂಡೆ ಮಾಡಿ ಕಸದಬುಟ್ಟಿಗೆ ಹಾಕಿ.

ಪ್ರಶ್ನೆ: ಅಂಗಡಿಯಲ್ಲಿ ‘ಬಯೋಡಿಗ್ರೇಡಬಲ್’ ಅಂತ ಅಚ್ಚಾದ ಚೀಲ ಕೊಟ್ಟರು. ಎಲ್ಲಿ ಎಸೆದರೂ ಕರಗುತ್ತದಲ್ಲವೇ?

ಉತ್ತರ: ಪ್ಲಿಮತ್‌ನವರೇ ಅಂಥ ಚೀಲವನ್ನು ಮೂರು ವರ್ಷ ಮಣ್ಣಿನಲ್ಲಿ ಹೂತಿಟ್ಟರು, ಸಮುದ್ರದ ನೀರಿನಲ್ಲೂ ಮುಳುಗಿಸಿಟ್ಟರು. 2019ರಲ್ಲಿ ಫಲಿತಾಂಶ ಬಂತು. ಹೊರತೆಗೆದ ಚೀಲಕ್ಕೆ ಸಾಮಾನು ತುಂಬಿ ಎತ್ತಿದರು. ಹರಿಯಲಿಲ್ಲ.