ಹೊಸ ಕಂಪ್ಯೂಟರಿಗೆ ಹಳೆಯ ಹಾರ್ಡ್ ಡಿಸ್ಕ್ ಹಾಕಬಹುದೇ?

ಆರು ವರ್ಷ ದುಡಿದ 1 ಟಿಬಿ ಹಾರ್ಡ್ ಡಿಸ್ಕನ್ನು ವಿಂಡೋಸ್ ಸಮೇತ ಕಳಚಿ, ಹೊಸದಾಗಿ ಜೋಡಿಸುತ್ತಿರುವ ಕಂಪ್ಯೂಟರಿಗೆ ಹಾಕಿದರೆ ನಡೆಯುತ್ತದೆಯೇ, ಅದರಲ್ಲಿರುವ ಫೋಟೊಗಳು ಉಳಿಯುತ್ತವೆಯೇ ಎಂದು ಕೇಳಿದ್ದೀರಿ. ಹಾಕಬಹುದು. ಆದರೆ ಕಂಪ್ಯೂಟರ್ ಅದರಿಂದಲೇ ಬೂಟ್ ಆಗುವಂತೆ (ಅದರಲ್ಲಿರುವ ವಿಂಡೋಸಿನಿಂದಲೇ ಶುರುವಾಗುವಂತೆ) ಇಟ್ಟುಕೊಳ್ಳಬೇಡಿ. ಬೇರೆಲ್ಲೂ ಪ್ರತಿಯಿಲ್ಲದ ಒಂದೇ ಒಂದು ಫೋಟೊವನ್ನೂ ಅದರಲ್ಲಿ ಬಿಡಬೇಡಿ. ಪರಿಚಿತರಿಗೆ ಕಂಪ್ಯೂಟರ್ ಜೋಡಿಸಿಕೊಡುವಾಗಲೆಲ್ಲ ನಾನು ಹೇಳುವುದು ಇದನ್ನೇ.

ಮೊದಲ ಕೆಲಸ ಆಗಬೇಕಾದದ್ದು ಹಳೆಯ ಕಂಪ್ಯೂಟರಿನಲ್ಲಿ, ಡಿಸ್ಕಿನ ತಿರುಪು ಬಿಚ್ಚುವುದಕ್ಕೂ ಮುಂಚೆ. ಫೋಟೊ, ದಾಖಲೆಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅಲ್ಲಿಂದ ಕೆಲವನ್ನು ತೆರೆದು ನೋಡಿ. ಆಮೇಲೆ ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ) ಆನ್ ಆಗಿದೆಯೇ ಎಂದು ಪರೀಕ್ಷಿಸಿ. ಎಷ್ಟೋ ಕಂಪ್ಯೂಟರುಗಳಲ್ಲಿ ಬಳಸುವವರಿಗೆ ಗೊತ್ತೇ ಇಲ್ಲದೆ ಅದು ಆನ್ ಆಗಿರುತ್ತದೆ. ಹಳೆಯ ಮದರ್‌ಬೋರ್ಡಿನ ಟಿಪಿಎಂ (ಕೀಯನ್ನು ಕಾಪಾಡುವ ಚಿಪ್) ಡಿಸ್ಕನ್ನು ತಾನಾಗಿಯೇ ತೆರೆದುಕೊಡುತ್ತಿದ್ದುದರಿಂದ ಇಷ್ಟು ದಿನ ಏನೂ ತಿಳಿದಿರುವುದಿಲ್ಲ. ಡಿಸ್ಕ್ ಬೇರೆ ಬೋರ್ಡಿಗೆ ಹೋದ ಕೂಡಲೇ 48 ಅಂಕಿಗಳ ರಿಕವರಿ ಕೀ ಕೊಡಿ ಎನ್ನುತ್ತದೆ. ಅದಿಲ್ಲದಿದ್ದರೆ ಡಿಸ್ಕ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಒಳಗಿನದು ನಿಮಗೆ ದಕ್ಕುವುದಿಲ್ಲ. ಆದ್ದರಿಂದ ಈಗಲೇ ಆ ಕೀಯನ್ನು ಕಾಗದದ ಮೇಲೆ ಬರೆದಿಡಿ, ಇಲ್ಲವೇ ಬಿಟ್‌ಲಾಕರ್ ಆಫ್ ಮಾಡಿ, ಡಿಸ್ಕ್ ಪೂರ್ತಿ ಡಿಕ್ರಿಪ್ಟ್ ಆಗುವವರೆಗೆ ಕಾಯಿರಿ.

ಡಿಸ್ಕಿನ ಆರೋಗ್ಯವನ್ನೂ ಅಲ್ಲಿಯೇ ನೋಡಿಕೊಳ್ಳಿ. ಪ್ರತಿ ಡಿಸ್ಕ್ ಸ್ಮಾರ್ಟ್ ಎಂಬ ಹೆಸರಿನಲ್ಲಿ ತನ್ನದೇ ಲೆಕ್ಕ ಇಟ್ಟುಕೊಂಡಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ಬಹಳ ಜನ ಮೇಲಿನ ನೀಲಿ ಬಣ್ಣದ 'ಗುಡ್' ಎಂಬ ಪದವನ್ನು ನೋಡಿ ಸುಮ್ಮನಾಗುತ್ತಾರೆ. ನೀವು ಕೆಳಗಿನ ಪಟ್ಟಿಗೆ ಇಳಿಯಿರಿ. 05 ಎಂಬ ಸಾಲು, ಕೆಟ್ಟುಹೋದ ಎಷ್ಟು ಸೆಕ್ಟರುಗಳ (ಮಾಹಿತಿ ಕೂರುವ ಚಿಕ್ಕ ಚಿಕ್ಕ ಜಾಗಗಳ) ಬದಲಿಗೆ ಡಿಸ್ಕ್ ತನ್ನ ಮೀಸಲು ಜಾಗವನ್ನು ಬಳಸಿದೆ ಎಂಬುದರ ಲೆಕ್ಕ. ಸಿ5 ಎಂದರೆ ಓದಲು ತೊಡಕಾಗಿ, ಇನ್ನೂ ಇತ್ಯರ್ಥವಾಗದೆ ಉಳಿದಿರುವ ಸೆಕ್ಟರುಗಳು. ಸಿ6, ಸರಿಪಡಿಸಲಾಗದವು. ಮೂರರಲ್ಲೂ ಕಚ್ಚಾ ಅಂಕಿ ('ರಾ ವ್ಯಾಲ್ಯೂಸ್' ಕಾಲಮಿನದು) ಸೊನ್ನೆ ಇರಬೇಕು. ಈ ತಂತ್ರಾಂಶ ಅಂಕಿಗಳನ್ನು ಮೊದಲಿಗೆ ಹೆಕ್ಸಾಡೆಸಿಮಲ್‌ನಲ್ಲಿ (ಹದಿನಾರರ ಆಧಾರದ ಎಣಿಕೆಯಲ್ಲಿ) ತೋರಿಸುತ್ತದೆ ಎಂಬುದು ನೆನಪಿರಲಿ: ಸೊನ್ನೆಗಳ ಸಾಲಿನ ಕೊನೆಯಲ್ಲಿ 10 ಎಂದು ಕಂಡರೆ ಅದು ಹತ್ತಲ್ಲ, ಹದಿನಾರು.

05ರಲ್ಲಿ ಒಂದೆರಡು ಇದ್ದು, ತಿಂಗಳುಗಟ್ಟಲೆ ಏರದೆ ನಿಂತಿದ್ದರೆ ಡಿಸ್ಕನ್ನು ಹಗುರವಾದ ಕೆಲಸಕ್ಕೆ ಇಟ್ಟುಕೊಳ್ಳಬಹುದು. ವಾರದಿಂದ ವಾರಕ್ಕೆ ಏರುತ್ತಿದ್ದರೆ, ಅಥವಾ ಓದುವಾಗ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ, ಹೊಸ ಕಂಪ್ಯೂಟರಿಗೆ ತರಲೇಬೇಡಿ. ಡಿಸ್ಕಿಗೂ ಬೋರ್ಡಿಗೂ ನಡುವಿನ ರವಾನೆಯ ದೋಷಗಳನ್ನು ಎಣಿಸುವ ಸಿ7 ಮಾತ್ರ ಏರಿದ್ದರೆ ಸಾಮಾನ್ಯವಾಗಿ ದೋಷ ಕೇಬಲಿನದು. ಕೇಬಲ್ ಬದಲಿಸಿದರೆ ಏರುವುದು ನಿಲ್ಲುತ್ತದೆ.

ಬೂಟ್ ಡಿಸ್ಕ್ ಆಗಿ ಬೇಡ ಎನ್ನಲು ಕಾರಣ ಡಿಸ್ಕಿನ ತಟ್ಟೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಹೆಡ್ ಸರಿಯುವ ಸಮಯ ಬೇರೆ. ಹೀಗಾಗಿ ಚೆದುರಿದ ಸಣ್ಣ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಓದಬಲ್ಲದು. ತಿರುಗುವ ತಟ್ಟೆಯೇ ಇಲ್ಲದ, ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ಈ ಅಂಕಿ ಹತ್ತಾರು ಸಾವಿರ. ವಿಂಡೋಸ್ ಏಳುವಾಗ ಓದುವುದು ಹೆಚ್ಚಾಗಿ ಇಂಥ ಚಿಲ್ಲರೆ ಫೈಲುಗಳನ್ನೇ. ಎಷ್ಟು ಒಳ್ಳೆಯ ಪ್ರೊಸೆಸರ್ ಹಾಕಿದರೂ ಅದು ತಟ್ಟೆಗಾಗಿ ಕಾಯುತ್ತಾ ಕೂರುತ್ತದೆ. ಅಲ್ಲದೆ ಹಳೆಯ ವಿಂಡೋಸ್ ಎಂಬಿಆರ್ ಎಂಬ ಹಳೆಯ ಡಿಸ್ಕ್ ವಿಧಾನದಲ್ಲಿ ಇನ್‌ಸ್ಟಾಲ್ ಆಗಿದ್ದರೆ, ಯುಇಎಫ್ಐ (ಕಂಪ್ಯೂಟರನ್ನು ಎಬ್ಬಿಸುವ ಹೊಸ ವ್ಯವಸ್ಥೆ) ಮಾತ್ರ ಇರುವ ಹೊಸ ಬೋರ್ಡಿನಲ್ಲಿ ಏಳುವುದೇ ಇಲ್ಲ. ಒಂದು ಎಸ್‌ಎಸ್‌ಡಿ ತಂದು ಅದಕ್ಕೆ ವಿಂಡೋಸನ್ನು ಹೊಸದಾಗಿ ಹಾಕಿ.

ಹಾಗೆ ಹಾಕುವಾಗ ಹಳೆಯ ಡಿಸ್ಕಿನ ಕೇಬಲ್ ಕಿತ್ತಿಟ್ಟಿರಿ, ಅದು ಮುಗಿದ ಮೇಲೆ ಮತ್ತೆ ಸಿಕ್ಕಿಸಿ. ಈ ಉತ್ತರದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ ಎನ್ನುತ್ತೇನೆ. ಹಳೆಯ ಡಿಸ್ಕಿನಲ್ಲಿ ಇಎಫ್ಐ ಪಾರ್ಟಿಷನ್ (ಬೂಟ್ ಫೈಲುಗಳಿಗೆ ಮೀಸಲಾದ ಭಾಗ) ಕಂಡರೆ ಇನ್‌ಸ್ಟಾಲರ್ ವಿಂಡೋಸನ್ನು ಎಸ್‌ಎಸ್‌ಡಿಗೆ ಹಾಕಿ, ಬೂಟ್ ಫೈಲುಗಳನ್ನು ಮಾತ್ರ ಹಳೆಯದರಲ್ಲೇ ಬರೆದುಬಿಡಬಹುದು. ಎಲ್ಲವೂ ಸರಿಯಾಗಿಯೇ ನಡೆಯುತ್ತಿರುತ್ತದೆ, ಗೊತ್ತಾಗುವುದಿಲ್ಲ. ಹಳೆಯ ಡಿಸ್ಕ್ ಕೈಕೊಟ್ಟ ದಿನ ಹೊಸ ಎಸ್‌ಎಸ್‌ಡಿಯೂ ಏಳದೆ ಕೂರುತ್ತದೆ.

ಕೇಬಲ್ ವಿಷಯ ಬಂದಿದ್ದರಿಂದ ಇನ್ನೊಂದು ಎಚ್ಚರಿಕೆ. ಕಳಚಬಹುದಾದ ಕೇಬಲುಗಳಿರುವ ಪವರ್ ಸಪ್ಲೈ ಕೊಂಡಿದ್ದರೆ, ಅದರ ಪೆಟ್ಟಿಗೆಯಲ್ಲಿ ಬಂದ ಕೇಬಲನ್ನೇ ಬಳಸಿ. ಡಿಸ್ಕಿನ ಕಡೆಯ ಸಾಟಾ (ಈಗಿನ ಹಾರ್ಡ್ ಡಿಸ್ಕುಗಳ ಜೋಡಣೆ) ಕನೆಕ್ಟರ್ ಎಲ್ಲೆಡೆ ಒಂದೇ. ಪವರ್ ಸಪ್ಲೈ ಕಡೆಯ ತುದಿಗೆ ಅಂಥ ಒಂದೇ ನಿಯಮವಿಲ್ಲ. ತಯಾರಕರು ತಮಗೆ ತೋಚಿದಂತೆ ಪಿನ್ ಜೋಡಿಸುತ್ತಾರೆ. ಹಳೆಯ ಕೇಬಲ್ ಹೊಸದಕ್ಕೆ ಸಲೀಸಾಗಿ ಕೂತರೂ, 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹರಿದರೆ ಡಿಸ್ಕಿನ ಸರ್ಕ್ಯೂಟ್ ಸುಟ್ಟುಹೋಗುತ್ತದೆ.

ಎಲ್ಲ ಸರಿಯಿದ್ದೂ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ಸ್ ಪರದೆಯಲ್ಲಿ) ಡಿಸ್ಕ್ ಕಾಣದಿದ್ದರೆ ಗಾಬರಿ ಬೇಡ. ಕೆಲವು ಬೋರ್ಡುಗಳಲ್ಲಿ ಎಂ.2 ಜಾಗದಲ್ಲಿ (ಬೋರ್ಡಿಗೇ ನೇರವಾಗಿ ಸಿಕ್ಕಿಸುವ ಕಿಂಡಿಯಲ್ಲಿ) ಎಸ್‌ಎಸ್‌ಡಿ ಕೂರಿಸಿದರೆ ಒಂದೆರಡು ಸಾಟಾ ಪೋರ್ಟುಗಳು ನಿಷ್ಕ್ರಿಯವಾಗುತ್ತವೆ. ಯಾವುವು ಎಂಬುದು ಕೈಪಿಡಿಯಲ್ಲಿರುತ್ತದೆ. ಅಗಲ ಪಟ್ಟಿಯ ಕೇಬಲಿನ ಐಡಿಇ ಡಿಸ್ಕಾಗಿದ್ದರೆ ಈಗಿನ ಬೋರ್ಡುಗಳಲ್ಲಿ ಅದಕ್ಕೆ ಜಾಗವಿಲ್ಲ, ಯುಎಸ್‌ಬಿ ಅಡಾಪ್ಟರ್ ಬೇಕು. ನಿಮ್ಮದು ಆರು ವರ್ಷದ್ದೆಂದರೆ ಸಾಟಾ ಇರುವುದೇ ಹೆಚ್ಚು ಸಂಭವ.

ಹಳೆಯ ಯೂಸರ್ ಫೋಲ್ಡರ್ ತೆರೆಯುವಾಗ ಅನುಮತಿಯಿಲ್ಲ ಎಂಬ ಸಂದೇಶ ಬಂದರೆ 'ಕಂಟಿನ್ಯೂ' ಒತ್ತಿ. ಫೋಟೊಗಳು ಎಸ್‌ಎಸ್‌ಡಿಯಲ್ಲೂ ಇನ್ನೊಂದು ಕಡೆಯೂ ಭದ್ರವಾಗಿವೆ ಎಂದು ಖಚಿತವಾದ ಮೇಲೆ ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ, ಡೌನ್‌ಲೋಡುಗಳಿಗೆ, ಸಿನಿಮಾಗಳಿಗೆ, ಫೋಟೊಗಳ ಮತ್ತೊಂದು ಪ್ರತಿಗೆ ಬಳಸಿಕೊಳ್ಳಿ. 05 ಅಥವಾ ಸಿ5 ಸಾಲಿನಲ್ಲಿ ಸೊನ್ನೆಯಲ್ಲದೆ ಬೇರೇನಾದರೂ ಕಂಡರೆ, ಫಾರ್ಮ್ಯಾಟ್ ಮಾಡುವ ಮೊದಲು ಆ ಅಂಕಿಗಳನ್ನು ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.