ಹಾರುಬೂದಿ, ಸ್ಲ್ಯಾಗ್ ಹಾಕಿ ರೈಲ್ವೆ ಸ್ಲೀಪರ್ ಮಾಡಬಹುದಾ?

ರಾಯಚೂರಿನಲ್ಲಿ ಸಿವಿಲ್ ಓದುತ್ತಿದ್ದೀರಿ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟಾಗ ಬರುವ ಹಾರುಬೂದಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕುಲುಮೆಯ ಕಿಟ್ಟ), ಕೆಡವಿದ ಕಟ್ಟಡದ ಜಲ್ಲಿ, ಈ ಮೂರನ್ನೂ ಸ್ಲೀಪರ್ (ರೈಲು ಹಳಿಯ ಕೆಳಗೆ ಅಡ್ಡ ಹಾಕುವ ತೊಲೆ) ಕಾಂಕ್ರೀಟಿಗೆ ಹಾಕಬಹುದಾ, 28 ದಿನಕ್ಕೆ ಸ್ಟ್ರೆಂತ್ ಬರುತ್ತಾ ಅಂತ ಕೇಳಿದ್ದೀರಿ. ಮೊದಲ ಎರಡನ್ನು ಪ್ರಯೋಗಕ್ಕೆ ಧೈರ್ಯವಾಗಿ ತಗೊಳ್ಳಿ. ಮೂರನೆಯದು ಬೇಡ.

ನಾನು ಕೊಪ್ಪಳದವನು. ಸಿಮೆಂಟಿನ ಕರೆಂಟ್ ಕಂಬ ಮಾಡುವ ಯಾರ್ಡಿನ ಲ್ಯಾಬಿನಲ್ಲಿ ಆರು ವರ್ಷ ಕ್ಯೂಬ್, ಅಂದರೆ ಸ್ಟ್ರೆಂತ್ ನೋಡಲು ಮಾಡುವ ಕಾಂಕ್ರೀಟ್ ಘನ, ಒಡೆದಿದ್ದೇನೆ. ಕಂಬಕ್ಕೂ ಸ್ಲೀಪರಿಗೂ ಒಂದೇ ಗುಟ್ಟು: ಒಳಗೆ ಜಗ್ಗಿ ಹಿಡಿದ ಸ್ಟೀಲ್ ತಂತಿ. ಬ್ರಾಡ್‌ಗೇಜ್ ಸ್ಲೀಪರಿನಲ್ಲಿ ಇಂಥ 18 ಎಳೆ ಇರುತ್ತವೆ. ಒಂದೊಂದು ಎಳೆಯೂ 3 ಮಿ.ಮೀ. ದಪ್ಪದ ಮೂರು ತಂತಿ ಹೊಸೆದದ್ದು. ತಂತಿ ಎಳೆದು, ಕಾಂಕ್ರೀಟ್ ತುಂಬಿ, ಹಬೆ ಕೊಟ್ಟು, ಆಮೇಲೆ ತಂತಿಯ ಬಿಗಿ ಬಿಡುತ್ತಾರೆ. ಆಗ ಆ ಎಳೆತವೆಲ್ಲ ಕಾಂಕ್ರೀಟ್ ಮೇಲೆ ಬೀಳುತ್ತದೆ. ಎಂ55 ಕಾಂಕ್ರೀಟಾದರೆ (28 ದಿನಕ್ಕೆ ಚದರ ಮಿ.ಮೀ.ಗೆ 55 ನ್ಯೂಟನ್ ತಾಳುವಂಥದ್ದು) ಅಷ್ಟು ಹೊತ್ತಿಗೆ ಚದರ ಮಿ.ಮೀ.ಗೆ 40 ನ್ಯೂಟನ್ ಮುಟ್ಟಿರಬೇಕು. ಇದಕ್ಕೇ ಅಂತ ನುಣ್ಣಗೆ ಅರೆದ 53-ಎಸ್ ಸಿಮೆಂಟ್ ಬಳಸುತ್ತಾರೆ. ಹಾಗಾಗಿ 28 ದಿನದ ಮಾತು ಆಮೇಲೆ, ಮೊದಲ ದಿನ ಏನಾಯಿತು ನೋಡಿ.

ಹಾರುಬೂದಿ ನಿಧಾನದ್ದು. ಸಿಮೆಂಟು ನೀರು ಕುಡಿದು ಸುಣ್ಣ ಬಿಟ್ಟ ಮೇಲೆಯೇ ಅದರ ಕೆಲಸ ಶುರು. ನಮ್ಮಲ್ಲಿ ಒಮ್ಮೆ ಬೂದಿ ಜಾಸ್ತಿ ಮಾಡಿ ನೋಡಿದೆವು. ತಿಂಗಳ ಕ್ಯೂಬ್ ಚೆನ್ನಾಗಿಯೇ ಬಂತು. ಆದರೆ ಮರುದಿನ ಬೆಳಿಗ್ಗೆಯ ಕ್ಯೂಬ್ ಸಾಲಲಿಲ್ಲ. ತಂತಿ ಬಿಡುವ ಹಾಗಿಲ್ಲ, ಅಚ್ಚು ಖಾಲಿ ಇಲ್ಲ, ಇಡೀ ದಿನ ಕೆಲಸ ನಿಂತಿತು.

ಹಾಗಂತ ಬೂದಿ ಬಿಡಬೇಡಿ. ಹಬೆ ಕೊಡುವಾಗ ಕಾಂಕ್ರೀಟಿನ ಒಳಗಿನ ಬಿಸಿ 70 ಡಿಗ್ರಿ ದಾಟಿದರೆ, ಮುಂದೆ ತೇವ ಸಿಕ್ಕಾಗ ಒಳಗೇ ಉಬ್ಬಿ ಬಿರುಕು ಬಿಡುವ ಅಪಾಯವಿದೆ. ಕೆಲವು ಸಲ ಅದು ಕಾಣಿಸಲು ವರ್ಷಗಳೇ ಬೇಕು. ಬೂದಿ, ಸ್ಲ್ಯಾಗ್ ಎರಡೂ ಆ ಅಪಾಯ ತಗ್ಗಿಸುತ್ತವೆ. ರಾಯಚೂರಿನ ಬೇಸಿಗೆಯಲ್ಲಿ ಜಲ್ಲಿ, ಮರಳು ಮೊದಲೇ ಕಾದಿರುತ್ತವೆ, ಅಲ್ವಾ? ನನ್ನ ಮಟ್ಟಿಗೆ ನಿಮ್ಮ ಪ್ರಾಜೆಕ್ಟಿನ ಜೀವ ಇಲ್ಲೇ ಇದೆ.

ವಸ್ತು ತರುವಾಗ ಎಚ್ಚರ. ಹೊಂಡದ ಹಸಿ ಬೂದಿ ತರಬೇಡಿ, ಅದು ಒರಟು. ಹೊಗೆಯಿಂದ ಹಿಡಿದ ಒಣ ಬೂದಿಯೇ ಬೇಕು. ಸ್ಲ್ಯಾಗ್ ಕೂಡ ಸುಮ್ನೆ ಸ್ಲ್ಯಾಗ್ ಅಂದರೆ ಆಗಲ್ಲ. ಅದಿರು ಕರಗಿಸಿ ಕಬ್ಬಿಣ ತೆಗೆಯುವ ಬ್ಲಾಸ್ಟ್ ಫರ್ನೇಸಿನದನ್ನು ನೀರಿನಲ್ಲಿ ತಟ್ಟನೆ ಆರಿಸಿ ಪುಡಿ ಮಾಡಿದ್ದು ಬೇಕು. ಉಕ್ಕು ಮಾಡುವಾಗ ಬರುವ ಸ್ಲ್ಯಾಗಿನಲ್ಲಿ ಬಿಡಿ ಸುಣ್ಣ ಉಳಿದಿರುತ್ತದೆ, ಆಮೇಲೆ ಉಬ್ಬುತ್ತದೆ.

ಹಳೆ ಕಟ್ಟಡದ ಜಲ್ಲಿಗೆ ಹಳೆ ಗಾರೆ ಅಂಟಿರುತ್ತದೆ, ನೀರು ಹೀರುತ್ತದೆ. ಜಲ್ಲಿ, ಮರಳಿನ ಭಾರತೀಯ ಮಾನದಂಡವಾದ 2016ರ ಐಎಸ್ 383 ಪ್ರಕಾರ ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಎಂ25ರವರೆಗೆ ಮಾತ್ರ, ಅದೂ ಶೇ. 20 ಹಾಕಬಹುದು. ಎಂ55 ಎಲ್ಲಿ, ಎಂ25 ಎಲ್ಲಿ!

ಸಿಮೆಂಟಿನ ಬದಲಿಗೆ ಬೂದಿ ಶೇ. 10, 20, ಸ್ಲ್ಯಾಗ್ ಶೇ. 25 ಹೀಗೆ ಬೇರೆ ಬೇರೆ ಮಿಕ್ಸ್ ಮಾಡಿ. ಒಂದು ಸೆಟ್ ಬರೀ ಸಿಮೆಂಟಿನದು ಇರಲಿ. ಎಲ್ಲಕ್ಕೂ ಒಂದೇ ಥರ ಹಬೆ ಕೊಟ್ಟು 16, 20, 24 ಗಂಟೆಗೆ ಕ್ಯೂಬ್ ಒಡೆಯಿರಿ. 40 ಮುಟ್ಟಿದ ಮಿಕ್ಸನ್ನು ಮಾತ್ರ ಮುಂದಕ್ಕೆ ಒಯ್ಯಿರಿ.